ಕೆಲಸಗಾರರು ಒಂದು ಗಳಿಗೆ ಸುಮ್ಮನೆ ನಿಂತರೆ ನಿಮಗೇಕೆ ಸಂಕಟ?

ಪ್ರತಿಯೊಬ್ಬರ ದಿನದ ಕೆಲಸವನ್ನು ಲೆಕ್ಕವಿಡುವ ತಂತ್ರಾಂಶ ಯಾವುದು ಒಳ್ಳೆಯದು, ತಲಾವಾರು ಗುರಿ ಕೊಟ್ಟು ಹೆಚ್ಚು ಮಾಡಿದವರಿಗೆ ಹೆಚ್ಚು ಹಣ ಕೊಟ್ಟರೆ ಉತ್ಪಾದಕತೆ ಏರುತ್ತದೆಯೇ ಎಂದು ಕೇಳಿದ್ದೀರಿ. ತಂತ್ರಾಂಶ ಕೊಳ್ಳಬೇಡಿ. ಇನ್ನು ಗುರಿಯ ವಿಷಯ: ಅದನ್ನು ನಾನು ಮಾಡಿ ನೋಡಿಯಾಗಿದೆ, ನನ್ನ ಅತಿ ದೊಡ್ಡ ಗಿರಾಕಿ ಕೈಬಿಟ್ಟುಹೋದದ್ದು ಅದರಿಂದಲೇ.

ನನ್ನದು ಮುದ್ರಣಾಲಯ. ಆಫ್‌ಸೆಟ್ ಮುದ್ರಣ, ಆಮೇಲೆ ಮಡಿಕೆ, ಫಾರಂ (ಅಚ್ಚಾದ ಒಂದು ಹಾಳೆ ಮಡಿಚಿದಾಗ ಆಗುವ ಪುಟಗಳ ಕಟ್ಟು) ಜೋಡಣೆ, ಹೊಲಿಗೆ, ಕಟಿಂಗ್. ಪುಸ್ತಕಗಳು ತಡವಾಗುತ್ತಿದ್ದವು. ಯಂತ್ರದ ಪಕ್ಕ ಯಾರಾದರೂ ಕೈಕಟ್ಟಿ ನಿಂತಿದ್ದರೆ ನನಗೆ ಮೈ ಉರಿಯುತ್ತಿತ್ತು. ಹಾಗಾಗಿ ಮುದ್ರಣದವರಿಗೆ ಸಾವಿರ ಹಾಳೆಗೆ ಇಷ್ಟು ಎಂದು ಪ್ರೋತ್ಸಾಹಧನ ನಿಗದಿ ಮಾಡಿದೆ. ಮೊದಲ ತಿಂಗಳೇ ಹಾಳೆಗಳ ಲೆಕ್ಕ ಜಿಗಿಯಿತು. ಪುಸ್ತಕಗಳು ಮಾತ್ರ ಮೊದಲಿಗಿಂತ ತಡವಾಗತೊಡಗಿದವು.

ಇದನ್ನು ಬಿಡಿಸಿ ಹೇಳಬೇಕು, ಏಕೆಂದರೆ ತಿಂಗಳ ವರದಿಯಲ್ಲಿ ಈ ತಪ್ಪು ಯಶಸ್ಸಿನಂತೆಯೇ ಕಾಣುತ್ತದೆ. ನಮ್ಮಲ್ಲಿ ಹೊಲಿಗೆ ಯಂತ್ರ ಇದ್ದದ್ದು ಒಂದೇ. ಎಷ್ಟೇ ಅಚ್ಚು ಹಾಕಿದರೂ ಅದು ಹೊಲಿದಷ್ಟೇ ಪುಸ್ತಕ, ಉಳಿದದ್ದು ಕಾಗದದ ರಾಶಿ. ಮುದ್ರಣದವರು ದಡ್ಡರಲ್ಲ. ಹೊಸ ಕೆಲಸಕ್ಕೆ ಮುದ್ರಣದ ಪ್ಲೇಟ್ ಬದಲಿಸುವ ಹೊತ್ತಿಗೆ ಹಣವಿಲ್ಲ, ಹಾಳೆ ಓಡುವ ಹೊತ್ತಿಗೆ ಹಣವಿದೆ ಎಂದಾಗ ಅವರು ಹೆಚ್ಚು ಪ್ರತಿಗಳ ಕೆಲಸವನ್ನೇ ಮೊದಲು ಎತ್ತಿಕೊಂಡರು. ನಾಳೆ ಕೊಡಬೇಕಾದ ಐನೂರು ಪ್ರತಿಯ ಪುಸ್ತಕ ಕೊನೆಗೆ ಹೋಯಿತು. ಒಂದು ಪುಸ್ತಕದ ಎಲ್ಲ ಫಾರಂಗಳೂ ಅಚ್ಚಾಗಿ ಕೊನೆಯದೊಂದು ಬಾಕಿ ಉಳಿದರೂ ಜೋಡಣೆ ಶುರುವಾಗುವುದಿಲ್ಲ. ಅಂಥ ಅರೆಬರೆ ಪುಸ್ತಕಗಳಿಂದ ನೆಲ ತುಂಬಿತು. ಬೇಕಾದ ಕಟ್ಟನ್ನು ಹುಡುಕುವುದೇ ಒಂದು ಕೆಲಸವಾಯಿತು. ಕಾಗದಕ್ಕೆ ಸುರಿದ ಹಣ ಆ ರಾಶಿಯಲ್ಲೇ ಸಿಕ್ಕಿಕೊಂಡಿತು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎನ್ನುವುದು ಇದನ್ನೇ. ಎರಡಕ್ಕೂ ಮೇವು ಹಾಕಿದವನು ನಾನೇ.

ಇಷ್ಟಾಗಿದ್ದರೆ ಸುಧಾರಿಸಿಕೊಳ್ಳುತ್ತಿದ್ದೆನೇನೋ. ಒಂದು ಮಾಲೆಯ ಪುಟವಿನ್ಯಾಸದಲ್ಲಿ ಪುಟಗಳ ಕ್ರಮ ತಪ್ಪಿತ್ತು. ಹಿಂದೆಲ್ಲ ಅಚ್ಚಾದ ಮರುದಿನವೇ ಹಾಳೆ ಮಡಿಕೆಗೆ ಬರುತ್ತಿತ್ತು, ಇಂಥದ್ದು ಅಲ್ಲಿಯೇ ಕಣ್ಣಿಗೆ ಬೀಳುತ್ತಿತ್ತು. ಈ ಬಾರಿ ಅದು ರಾಶಿಯ ಅಡಿಯಲ್ಲಿ ವಾರಗಟ್ಟಲೆ ಕುಳಿತಿತ್ತು. ಯಾರಾದರೂ ನೋಡುವ ಹೊತ್ತಿಗೆ ಮಾಲೆಯ ಉಳಿದ ಪುಸ್ತಕಗಳೂ ಅದೇ ತಪ್ಪು ವಿನ್ಯಾಸದಲ್ಲಿ ಅಚ್ಚಾಗಿಬಿಟ್ಟಿದ್ದವು. ಎಲ್ಲವನ್ನೂ ಮತ್ತೆ ಮುದ್ರಿಸಿಕೊಟ್ಟೆ. ಪ್ರಕಾಶಕರು ಸೌಜನ್ಯದಿಂದಲೇ ಲೆಕ್ಕ ಚುಕ್ತಾ ಮಾಡಿ ಬೇರೆ ಕಡೆ ಹೋದರು. ಆ ತಪ್ಪು ಹಾಳೆಗಳಿಗೂ ನಾನು ಪ್ರೋತ್ಸಾಹಧನ ಕೊಟ್ಟಿದ್ದೆ ಎಂಬುದನ್ನು ನಮ್ಮ ಲೆಕ್ಕಿಗರು ಆಮೇಲೆ ತೋರಿಸಿದರು.

ಇದು ನನ್ನೊಬ್ಬನ ದುರದೃಷ್ಟವಲ್ಲ, ಲೆಕ್ಕಾಚಾರವೇ ಹಾಗಿದೆ. ದಿನಕ್ಕೆ ಐದು ಕೆಲಸ ಮುಗಿಸುವ ವಿಭಾಗದ ಮುಂದೆ ಐವತ್ತು ಕೆಲಸಗಳು ಕಾಯುತ್ತಿದ್ದರೆ ಹೊಸದಾಗಿ ಬಂದ ಕೆಲಸ ಹತ್ತು ದಿನ ಕಾಯಬೇಕು. ನೂರಿದ್ದರೆ ಇಪ್ಪತ್ತು ದಿನ. ಜಾನ್ ಲಿಟಲ್ ಎಂಬ ವಿದ್ವಾಂಸ 1961ರಲ್ಲಿ ಈ ಸಂಬಂಧವನ್ನು ಗಣಿತದಲ್ಲಿ ಸಾಧಿಸಿ ತೋರಿಸಿದ. ಇನ್ನೊಂದು ಲೆಕ್ಕ ಇದಕ್ಕಿಂತ ಕಟುವಾದದ್ದು. ಒಂದೇ ಯಂತ್ರ, ಕೆಲಸ ಹೇಗೆಂದರೆ ಹಾಗೆ ಬರುತ್ತದೆ, ಒಂದೊಂದಕ್ಕೆ ಒಂದೊಂದು ಹೊತ್ತು ಹಿಡಿಯುತ್ತದೆ ಎಂದುಕೊಳ್ಳಿ. ಸರದಿಯ ಸರಳ ಸೂತ್ರದ ಪ್ರಕಾರ, ಯಂತ್ರ ಶೇ 80ರಷ್ಟು ಹೊತ್ತು ದುಡಿಯುತ್ತಿದ್ದರೆ ಸರಾಸರಿ ಕಾಯುವಿಕೆ ಒಂದು ಕೆಲಸದ ಅವಧಿಯ 4 ಪಟ್ಟು. ಶೇ 90ಕ್ಕೆ 9 ಪಟ್ಟು, ಶೇ 95ಕ್ಕೆ 19 ಪಟ್ಟು. ಎಲ್ಲರೂ ಬಿಡುವಿಲ್ಲದೆ ದುಡಿಯಲಿ ಎನ್ನುವ ನಿಮ್ಮ ಆಸೆ ಈಡೇರಿದರೆ ಗಿರಾಕಿ ಕಾಯುವುದು ಹೀಗೆ.

ಹಾಗಾಗಿ ಸೋಮಾರಿಗಳು ಯಾರು ಎಂಬಲ್ಲಿಂದ ಶುರು ಮಾಡಬೇಡಿ. ಸೋಮಾರಿಗಳು ಇರುತ್ತಾರೆ, ಅವರು ಯಾರೆಂದು ಉಳಿದವರಿಗೆಲ್ಲ ಗೊತ್ತಿರುತ್ತದೆ. ಒಂದು ಆರ್ಡರನ್ನು ಹಿಡಿದುಕೊಂಡು ಅದರ ಹಿಂದೆಯೇ ನಡೆಯಿರಿ. ಯಾವ ಮೇಜಿನ ಮೇಲೆ ಎಷ್ಟು ಹೊತ್ತು ಯಾರೂ ಮುಟ್ಟದೆ ಬಿದ್ದಿತ್ತು ಎಂದು ಬರೆದುಕೊಳ್ಳಿ. ಸೇವಾ ಉದ್ಯಮವಾದರೆ ಆ ಮೇಜು ಬಹುಮಟ್ಟಿಗೆ ನಿಮ್ಮದೇ ಆಗಿರುತ್ತದೆ, ಸಹಿಗಾಗಿ ಕಾಯುತ್ತಿರುತ್ತದೆ.

ನಾನು ಪ್ರೋತ್ಸಾಹಧನವನ್ನು ಸಂಬಳಕ್ಕೆ ಸೇರಿಸಿಬಿಟ್ಟೆ (ಕಿತ್ತುಕೊಂಡರೆ ಜಗಳವಾಗುತ್ತದೆ, ಆಗಲೇಬೇಕು ಕೂಡ). ಹೊಲಿಗೆಯ ಮುಂದೆ ನೆಲಕ್ಕೆ ಗೆರೆ ಎಳೆಸಿದೆ. ಗೆರೆಯೊಳಗೆ ಜಾಗ ತುಂಬಿದರೆ ಮುದ್ರಣ ನಿಲ್ಲಬೇಕು, ಆ ಕೈಗಳು ಜೋಡಣೆಗೆ ಬರಬೇಕು. ಯಂತ್ರ ನಿಂತದ್ದನ್ನು ನೋಡಿ ಸುಮ್ಮನಿರುವುದು ನನಗೆ ಬಹಳ ಕಷ್ಟವಾಯಿತು. ಆಮೇಲೆ ಹೊಲಿಗೆ ಯಂತ್ರದ ಸಿದ್ಧತೆಯ ಹೊತ್ತನ್ನು ಕಡಿಮೆ ಮಾಡಲು ಹೊರಟೆವು. ಟೊಯೋಟಾದಲ್ಲಿ ಲೋಹದ ತಗಡನ್ನು ಒತ್ತಿ ರೂಪ ಕೊಡುವ 1,000 ಟನ್ನಿನ ಪ್ರೆಸ್ಸಿನ ಅಚ್ಚು ಬದಲಿಸಲು ಹಿಡಿಯುತ್ತಿದ್ದ 4 ಗಂಟೆಯನ್ನು ಜಪಾನಿನ ಎಂಜಿನಿಯರ್ ಶಿಗಿಯೊ ಶಿಂಗೊ ಕೊನೆಗೆ 3 ನಿಮಿಷಕ್ಕೆ ಇಳಿಸಿದ್ದು, ಯಂತ್ರ ಓಡುತ್ತಿರುವಾಗಲೇ ಮಾಡಬಹುದಾದ ಕೆಲಸಗಳನ್ನು ಬೇರ್ಪಡಿಸುವುದರಿಂದ. ನಾವು ಅಷ್ಟು ದೂರ ಹೋಗಲಿಲ್ಲ. ಮುಂದಿನ ಪುಸ್ತಕದ ದಾರ, ಅಳತೆ, ಫಾರಂಗಳನ್ನು ಮೊದಲೇ ಪಕ್ಕದಲ್ಲಿಟ್ಟುಕೊಂಡೆವು. ಅಷ್ಟಕ್ಕೇ ದಿನಕ್ಕೆ ಹೊರಬೀಳುವ ಪುಸ್ತಕಗಳು ಹೆಚ್ಚಿದವು. ಮುದ್ರಣದ ವೇಗಕ್ಕೆ ಕೈ ಹಚ್ಚಲೇ ಇಲ್ಲ.

ಹಣ ಕೊಡಲೇಬೇಕೆಂದಿದ್ದರೆ ಹೇಳಿದ ದಿನಕ್ಕೆ ಬಾಗಿಲು ದಾಟಿದ ಆರ್ಡರ್‌ಗೆ ಕೊಡಿ, ಗುಡಿಸುವವರೂ ಸೇರಿದಂತೆ ಎಲ್ಲರಿಗೂ. ತಲಾವಾರು ಲೆಕ್ಕಕ್ಕೆ ಮಾತ್ರ ಬೇಡ.