ಎದ್ದ ಹಸು ಫೋನ್ ಮಾಡುವುದಿಲ್ಲ

ಪ್ರಶ್ನೆ: ನಾನು ತುಮಕೂರು ಜಿಲ್ಲೆಯ ಒಂದು ಹೋಬಳಿಯಲ್ಲಿ ಸರ್ಕಾರಿ ಪಶು ವೈದ್ಯೆ. ಕೆಲಸಕ್ಕೆ ಸೇರಿ ಆರು ವರ್ಷ ಆಯ್ತು. ಇತ್ತೀಚೆಗೆ ಬೆಳಗ್ಗೆ ಎದ್ದರೆ ಆಸ್ಪತ್ರೆಗೆ ಹೋಗಲು ಮನಸ್ಸೇ ಬರುವುದಿಲ್ಲ. ಸ್ವಲ್ಪ ಹಗುರಾಗಲಿ ಅಂತ ನಾನು, ನಮ್ಮ ಪರೀಕ್ಷಕರು, ಅಟೆಂಡರ್ ಮೂವರೂ ಸೇರಿ ಬೋರ್ಡಿನ ಮೂಲೆಯಲ್ಲಿ 'ಇವತ್ತು ಎದ್ದ ಹಸು' ಅಂತ ಬರೆಯಲು ಶುರು ಮಾಡಿದೆವು. ಒಂದು ದಿನ ಹಾಲು ಜ್ವರದಿಂದ (ಕರು ಹಾಕಿದ ಮೇಲೆ ಮೈಯಲ್ಲಿ ಕ್ಯಾಲ್ಸಿಯಂ ಕಮ್ಮಿಯಾಗಿ ಬರುವುದು) ಬಿದ್ದಿದ್ದ ಹಸು ಎದ್ದಿತು. ಅದನ್ನು ಬರೆದು, ಮೈಸೂರು ಪಾಕ್ ತರಿಸಿ ತಿಂದೆವು. ಅದೇ ರಾತ್ರಿ ಕರು ಹಾಕಲಾಗದೆ ಇನ್ನೊಂದು ಹಸು ನನ್ನ ಕೈಯಲ್ಲೇ ಹೋಯಿತು. ಊರಿನವರು ಯಾರೋ ಹಗ್ಗ ಕಟ್ಟಿ ಎಳೆದು, ಆಮೇಲೆ ನನಗೆ ಹೇಳಿ ಕಳಿಸಿದ್ದರು. ಆ ಮನೆಯಲ್ಲಿ ಇದ್ದದ್ದು ಅದೊಂದೇ ಹಸು. ಮರುದಿನ ಹಸು ಸತ್ತದ್ದಕ್ಕೆ ಸರ್ಟಿಫಿಕೇಟ್ ಕೇಳಲು ಬಂದ ಆ ಮನೆಯ ಮಗ ಬೋರ್ಡ್ ನೋಡುತ್ತಾ ನಿಂತಿದ್ದ. ನಾನು ಓಡಿ ಹೋಗಿ ಒರೆಸಿದೆ. ಹಿರಿಯ ಸಹೋದ್ಯೋಗಿ ಒಬ್ಬರು 'ಸಂಬಳಕ್ಕೆ ಮಾಡಿದ ಕೆಲಸಕ್ಕೆ ಸ್ವೀಟ್ ಬೇರೆನಾ' ಅಂದರು. ಆಮೇಲೆ ಬೋರ್ಡ್ ಮುಟ್ಟಿಲ್ಲ. ಸಣ್ಣದಕ್ಕೆಲ್ಲ ಖುಷಿಪಡುವುದು ತಪ್ಪಾ? ಕಚೇರಿ ಕೆಲಸಕ್ಕೆ ಹಾಕಿಸಿಕೊಂಡು ಫೈಲ್ ನೋಡುತ್ತಾ ಇದ್ದುಬಿಡಲಾ?
– ಹೆಸರು ಬೇಡ

ಉತ್ತರ:

ಡಾಕ್ಟರೇ, ನೀವು ಬೋರ್ಡ್ ಒರೆಸಿದ್ದು ಸರಿ. ಹಿಂದಿನ ದಿನ ಮೈಸೂರು ಪಾಕ್ ತಿಂದದ್ದೂ ಸರಿ. ತಪ್ಪಿದ್ದು ಒಂದೇ, ಆ ಬೋರ್ಡ್ ಇದ್ದ ಗೋಡೆ. ಹಸು ಕಳೆದುಕೊಂಡವರು ಬಂದು ನಿಲ್ಲುವ ಜಾಗದಲ್ಲಿ ಅದು ಇರಬಾರದಿತ್ತು. ಒಳಗೆ, ಔಷಧಿ ಬೀರುವಿನ ಪಕ್ಕ ಹಾಕಿ. ಅಷ್ಟು ಬದಲಿಸಿದರೆ ಸಾಕು. ಬರೆಯುವುದನ್ನೇ ಬಿಡಬೇಕಾಗಿಲ್ಲ.

ಆದರೆ ನಿಮ್ಮನ್ನು ಕಾಡುತ್ತಿರುವುದು ಬೋರ್ಡ್ ಅಲ್ಲ, ಅಲ್ವಾ? ಒಂದು ಹಸು ಸತ್ತ ಮೇಲೆ, ಬದುಕಿದ ಹಸುವಿನ ಲೆಕ್ಕ ಇಡುವ ಹಕ್ಕು ನನಗಿದೆಯಾ ಅಂತ ನೀವು ಕೇಳುತ್ತಿದ್ದೀರಿ. ಅದಕ್ಕೆ ಉತ್ತರ ಕೊಡುವ ಮೊದಲು ನಮ್ಮ ಮನೆಯ ಒಂದು ಸಂಗತಿ ಹೇಳುತ್ತೇನೆ.

ನಾನು ಆಗ ಹೈಸ್ಕೂಲಿನಲ್ಲಿದ್ದೆ. ನಮ್ಮ ಮನೆಯ ಸೀಮೆಹಸು ಕರು ಹಾಕಿದ ಎರಡನೇ ದಿನ ಮಲಗಿದ್ದು ಏಳಲೇ ಇಲ್ಲ. ಕತ್ತು ಹೊಟ್ಟೆಯ ಕಡೆ ತಿರುಗಿಸಿಕೊಂಡು ಬಿದ್ದಿತ್ತು. ಕಿವಿ ಮುಟ್ಟಿದರೆ ತಣ್ಣಗೆ. ಅಮ್ಮ ಕರುವನ್ನು ತೊಡೆಯ ಮೇಲೆ ಹಾಕಿಕೊಂಡು ಅಳುತ್ತಾ ಕೂತಿದ್ದಳು. ದನದ ಡಾಕ್ಟ್ರು ಬಂದರು, ನೋಡಿದ ತಕ್ಷಣ ಕತ್ತಿನ ನರಕ್ಕೆ ಸೂಜಿ ಹಾಕಿ, ಕ್ಯಾಲ್ಸಿಯಂ ಬಾಟಲಿಯನ್ನು ನನ್ನ ಕೈಗೆ ಕೊಟ್ಟು ಎತ್ತಿ ಹಿಡಿಯಲು ಹೇಳಿದರು, ತಾವು ಹಸುವಿನ ಎದೆಗೆ ಸ್ಟೆತಾಸ್ಕೋಪ್ ಇಟ್ಟು, ಕಣ್ಣು ಮುಚ್ಚಿ, 'ನಿಧಾನ, ನಿಧಾನ' ಅನ್ನುತ್ತಾ ಕೂತರು. ಬೇಗ ಬಿಟ್ಟರೆ ಗುಂಡಿಗೆ ನಿಂತುಹೋಗುತ್ತದೆ ಅಂತ ನನಗೆ ಆಗ ಗೊತ್ತಿರಲಿಲ್ಲ. ಬಾಟಲಿ ಮುಗಿಯುವ ಹೊತ್ತಿಗೆ ಹಸುವಿನ ಮೈ ನಡುಗಿತು. ತೇಗಿತು. ಸಗಣಿ ಹಾಕಿತು. ಆಮೇಲೆ ಹಿಂಗಾಲು ಊರಿ ಎದ್ದು ನಿಂತೇಬಿಟ್ಟಿತು. ಅಮ್ಮ ಅವರಿಗೆ ಗಿಣ್ಣು ಕೊಟ್ಟಳು. ತಿಂದು, ಕೈ ತೊಳೆದು, ಇನ್ನೊಂದು ಊರಿಗೆ ಹೋದರು.

ಆ ಹಸು ಆಮೇಲೆ ಏಳು ವರ್ಷ ಬದುಕಿತು. ನನ್ನ ಓದಿನ ಫೀಸು ಕಟ್ಟಿದ್ದು ಅದರ ಹಾಲಿನ ಬಟವಾಡೆಯಲ್ಲಿ. ಡಾಕ್ಟರಿಗೆ ಇದು ಯಾವುದೂ ಗೊತ್ತಾಗಲಿಲ್ಲ. ನಾವು ಅವರಿಗೆ ಮತ್ತೆ ಹೇಳಿ ಕಳಿಸಿದ್ದು ಎರಡು ವರ್ಷದ ಮೇಲೆ, ಇನ್ನೊಂದು ಹಸು ಹೊಟ್ಟೆ ಉಬ್ಬರಿಸಿಕೊಂಡು ಸಾಯುತ್ತಿದ್ದಾಗ. ಅವರು ಬರುವಷ್ಟರಲ್ಲಿ ಅದು ಸತ್ತಿತ್ತು. ಅಂದರೆ ನಮ್ಮ ಮನೆಯ ಬಗ್ಗೆ ಅವರ ಮನಸ್ಸಿನಲ್ಲಿ ಕೊನೆಗೆ ಉಳಿದದ್ದು ಏನು, ಯೋಚಿಸಿ. ಈಗಲೂ ನನಗೆ ಇದು ನೆನಪಾದರೆ ಸಂಕಟವಾಗುತ್ತದೆ.

ನಿಮ್ಮ ಕೆಲಸದಲ್ಲಿ ದಿನವೂ ನಡೆಯುವುದು ಇದೇ. ಸಾಯುವ ಹಸುವಿನ ಮನೆಯಿಂದ ರಾತ್ರಿ ಎರಡು ಗಂಟೆಗೆ ಫೋನ್ ಬರುತ್ತದೆ. ಎದ್ದ ಹಸುವಿನ ಮನೆಯಿಂದ ಬರುವುದಿಲ್ಲ. ಅವರಿಗೆ ಕೃತಜ್ಞತೆ ಇಲ್ಲ ಅಂತಲ್ಲ, ಹಾಲು ಕರೆದು ಡೈರಿಗೆ ಹಾಕಲು ಓಡಬೇಕು ಅಷ್ಟೇ. ಹಾಗಾಗಿ ನಿಮ್ಮ ಲೆಕ್ಕದ ಪುಸ್ತಕದಲ್ಲಿ ಒಂದು ಪುಟ ಮಾತ್ರ ತುಂಬುತ್ತಾ ಹೋಗುತ್ತದೆ. ಅದರ ಜೊತೆಗೆ, ಕೆಟ್ಟದ್ದನ್ನು ಗಟ್ಟಿಯಾಗಿ ಹಿಡಿದುಕೊಳ್ಳುವುದು ಮನುಷ್ಯರ ಮನಸ್ಸಿನ ಗುಣ. ಸತ್ತ ಹಸುವಿನ ಕಣ್ಣು ನೆನಪಿರುತ್ತದೆ, ಕರು ಹಾಕಿದ ಮೇಲೆ ಒಳಗೇ ಉಳಿದ ಮಾಸು ತೆಗೆದು ಬದುಕಿಸಿದ ಹತ್ತು ಹಸುಗಳ ಬಣ್ಣ ಕೂಡ ನೆನಪಿರುವುದಿಲ್ಲ.

ಇನ್ನು ಲಸಿಕೆಯ ಕೆಲಸವಂತೂ ಕಣ್ಣಿಗೇ ಕಾಣದ್ದು. ಆರು ತಿಂಗಳಿಗೊಮ್ಮೆ ಕಾಲುಬಾಯಿ ಜ್ವರದ ಲಸಿಕೆಗೆ ಮನೆ ಮನೆ ಸುತ್ತುತ್ತೀರಿ. ಹಾಲು ಕಮ್ಮಿಯಾಗುತ್ತೆ ಅಂತ ಹಸುವನ್ನು ಹಿತ್ತಲಿಗೆ ಕಟ್ಟಿ ಬಚ್ಚಿಡುವವರ ಜೊತೆ ಜಗಳ ಆಡುತ್ತೀರಿ, ಒದೆಸಿಕೊಳ್ಳುತ್ತೀರಿ. 2022ರಲ್ಲಿ ಚರ್ಮಗಂಟು ರೋಗ ಬಂದಾಗ ಆಡಿಗೆ ಹಾಕುವ ಸಿಡುಬಿನ ಲಸಿಕೆಯನ್ನೇ ಹಿಡಿದುಕೊಂಡು ಕೊಟ್ಟಿಗೆ ಕೊಟ್ಟಿಗೆ ತಿರುಗಿದವರಲ್ಲಿ ನೀವೂ ಇದ್ದಿರಬೇಕು. ಆಗ ಗಂಟು ಬಂದು ಸತ್ತ ಹಸುಗಳ ಫೋಟೋ ಎಲ್ಲರೂ ನೋಡಿದರು. ಗಂಟೇ ಬಾರದ ಹಸುವಿನ ಫೋಟೋ ಯಾರು ತೆಗೆಯುತ್ತಾರೆ?

ನಮ್ಮ ಅಜ್ಜಿ 'ದೊಡ್ಡ ರೋಗ' ಅಂತ ಹೇಳುತ್ತಿದ್ದಳು, ದನಗಳಿಗೆ ಬರುತ್ತಿದ್ದ ರಿಂಡರ್‌ಪೆಸ್ಟ್ ಅದು. ಬಂದರೆ ಕೊಟ್ಟಿಗೆಗಳೇ ಖಾಲಿ. ಅದರ ವಿರುದ್ಧ ಸೀರಂ ತಯಾರಿಸಲೆಂದೇ ಹಿಂದೆ ಮೈಸೂರು ಸಂಸ್ಥಾನದಲ್ಲಿ ಬೆಂಗಳೂರಿನ ಹೆಬ್ಬಾಳದ ಸೀರಂ ಸಂಸ್ಥೆ ಶುರುವಾಯಿತು. ಕೊನೆಗೆ 2011ರಲ್ಲಿ ಆ ರೋಗ ಇಡೀ ಭೂಮಿಯಿಂದಲೇ ಹೋಯಿತು ಅಂತ ಘೋಷಣೆ ಆಯ್ತು. ಮನುಷ್ಯರ ಸಿಡುಬು ಬಿಟ್ಟರೆ ನಾವು ಹೀಗೆ ಬೇರುಸಮೇತ ಕಿತ್ತುಹಾಕಿದ ರೋಗ ಅದೊಂದೇ. ಅದನ್ನು ಮಾಡಿದ್ದು ಯಾರು? ಐಸ್ ಡಬ್ಬಿ ಹೊತ್ತು ಸೈಕಲ್ಲಿನಲ್ಲಿ, ಕಾಲ್ನಡಿಗೆಯಲ್ಲಿ ಊರೂರು ತಿರುಗಿದ ನಿಮ್ಮ ಇಲಾಖೆಯಂಥ ಇಲಾಖೆಗಳ ಜನ. ಒಂದೊಂದು ದಿನ ಎಷ್ಟು ದನಕ್ಕೆ ಚುಚ್ಚಿದೆವು ಅನ್ನುವ ಲೆಕ್ಕ ಬಿಟ್ಟರೆ ಅವರ ಕೈಯಲ್ಲಿ ಬೇರೆ ಏನೂ ಇರಲಿಲ್ಲ. ನಿಮ್ಮ ಬೋರ್ಡಿನ ಮೂಲೆಯಲ್ಲಿ ಇದ್ದದ್ದೂ ಅಂಥದ್ದೇ ಲೆಕ್ಕ.

ಈಗ ಸತ್ತ ಹಸುವಿನ ವಿಷಯಕ್ಕೆ ಬರುತ್ತೇನೆ. ಅದನ್ನು ದಾಟಿ ಹೋಗಲು ನಾನು ಹೇಳುವುದಿಲ್ಲ. ಹಗ್ಗ ಕಟ್ಟಿ ಎಳೆದಾಗ ಒಳಗೆ ಗರ್ಭಕೋಶ ಹರಿದಿದ್ದರೆ, ಆ ಹೊತ್ತಿಗೆ ನೀವಲ್ಲ, ಯಾರೇ ಹೋಗಿದ್ದರೂ ಮಾಡಬಹುದಾದದ್ದು ಕಮ್ಮಿ. ಇದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಆದರೂ ದುಃಖ ಆಗುತ್ತದೆ. ಆಗಲಿ. ಒಂದೇ ಹಸು ಇದ್ದ ಮನೆ ಅದು. ಮುಂದಿನ ವಾರ ಆ ದಾರಿಯಲ್ಲಿ ಹೋದಾಗ ಒಂದು ನಿಮಿಷ ಇಳಿದು ಮಾತಾಡಿಸಿ. ಕಿವಿಯೋಲೆ ಹಾಕಿಸಿ ವಿಮೆ ಮಾಡಿಸಿದ್ದರೆ ಹಣ ಬಂತಾ ಅಂತ ವಿಚಾರಿಸಿ. ಆ ಹುಡುಗ ಸರ್ಟಿಫಿಕೇಟಿಗೆ ಬಂದಾಗ ನೀವು ನಾಳೆ ಬಾ ಅನ್ನದೆ ಅವತ್ತೇ ಬರೆದು ಕೊಟ್ಟಿರಿ ಅಂತ ನಾನು ಅಂದುಕೊಂಡಿದ್ದೇನೆ. ಕೊಟ್ಟಿದ್ದರೆ, ಅದು ಕೂಡ ನಿಮ್ಮ ಒಳಗಿನ ಬೋರ್ಡಿನಲ್ಲಿ ಬರೆಯಬೇಕಾದ ಕೆಲಸವೇ.

ಹೌದು, 'ಎದ್ದ ಹಸು' ಅನ್ನುವ ಶೀರ್ಷಿಕೆ ಬದಲಿಸಿ ಅಂತ ನನ್ನ ಸಲಹೆ. ಹಸು ಏಳುವುದು ನಿಮ್ಮ ಕೈಯಲ್ಲಿ ಪೂರ್ತಿ ಇಲ್ಲ. ಫಲಿತಾಂಶಕ್ಕೆ ಮಾತ್ರ ಖುಷಿಪಡುತ್ತೇವೆ ಅಂತ ಇಟ್ಟುಕೊಂಡರೆ ಹಸು ಸತ್ತ ದಿನ ನಿಮಗೆ ಬರೆಯಲು ಏನೂ ಇರುವುದಿಲ್ಲ. ನಿಮ್ಮ ಕೈಯಲ್ಲಿದ್ದದ್ದನ್ನು ಬರೆಯಿರಿ. ಹಿಂದಕ್ಕೆ ತಿರುಗಿದ್ದ ಕರುವಿನ ತಲೆಯನ್ನು ಅರ್ಧ ಗಂಟೆ ಕಷ್ಟಪಟ್ಟು ದಾರಿಗೆ ತಂದೆ, ಕರು ಉಳಿಯಲಿಲ್ಲ, ತಾಯಿ ಉಳಿಯಿತು. ಕೆಚ್ಚಲು ಬಾವು ಬಂದ ಹಸುವಿನ ಹಾಲನ್ನು ಡೈರಿಗೆ ಹಾಕಬೇಡಿ ಅಂತ ಒಬ್ಬರನ್ನು ಒಪ್ಪಿಸಿದೆ. ಕಾಲು ಮುರಿದು ನರಳುತ್ತಿದ್ದ ನಾಯಿಗೆ ನೋವಿಲ್ಲದೆ ಹೋಗಲು ದಾರಿ ಮಾಡಿದೆ, ಅದರ ತಲೆ ನೇವರಿಸುತ್ತಾ ಮನೆಯವರು ಜೊತೆಗಿದ್ದರು. ಇವೆಲ್ಲ ಒಳ್ಳೆಯ ಕೆಲಸ, ಡಾಕ್ಟರೇ.

ಸಂಜೆ ಬಾಗಿಲು ಹಾಕುವ ಮೊದಲು ಐದು ನಿಮಿಷ ಸಾಕು. ಮೂವರೂ ಟೀ ಹಿಡಿದು ನಿಂತು ಒಬ್ಬೊಬ್ಬರು ಒಂದೊಂದು ಹೇಳಿ. ತಮ್ಮದೇ ಆಗಬೇಕಿಲ್ಲ, ಇನ್ನೊಬ್ಬರು ಮಾಡಿದ್ದನ್ನು ಹೇಳಿದರೆ ಇನ್ನೂ ಒಳ್ಳೆಯದು. 'ಚೆನ್ನಾಗಿ ಮಾಡಿದಿರಿ' ಅಂತ ಸುಮ್ನೆ ಹೇಳಿದರೆ ಮನಸ್ಸಿಗೆ ತಾಗುವುದಿಲ್ಲ. 'ಆ ಹೋರಿ ಕೊಂಬು ಬೀಸಿದಾಗ ನೀನು ಮೂಗುದಾರ ಬಿಡಲಿಲ್ಲ, ಅದಕ್ಕೇ ನನ್ನ ಕೈ ಉಳಿಯಿತು' ಅಂದರೆ ತಾಗುತ್ತದೆ. ಹೇಳಲು ಏನೂ ಇಲ್ಲದ ದಿನ ಸುಮ್ಮನೆ ಟೀ ಕುಡಿದು ಮನೆಗೆ ಹೋಗಿ. ಒತ್ತಾಯದ ಖುಷಿ ಆಯಾಸ ಜಾಸ್ತಿ ಮಾಡುತ್ತದೆ. ಇದನ್ನು ಫೋಟೋ ತೆಗೆದು ಸ್ಟೇಟಸ್ಸಿಗೆ ಹಾಕುವುದೂ ಬೇಡ. ನಿಮ್ಮ ಹೋಬಳಿಯಲ್ಲಿ ಅದನ್ನು ನೋಡುವವರಲ್ಲಿ ಹಸು ಕಳೆದುಕೊಂಡವರೂ ಇರುತ್ತಾರೆ.

ಇನ್ನೊಂದು, ಇದನ್ನು ಖಂಡಿತ ಮಾಡಿ. ಚಿಕಿತ್ಸೆ ಮುಗಿಸಿ ಹೊರಡುವಾಗ ರೈತರಿಗೆ ಹೇಳಿ, 'ಎದ್ದರೂ ಒಂದು ಫೋನ್ ಮಾಡಿ, ಏಳದಿದ್ದರೆ ಮಾತ್ರ ಅಲ್ಲ.' ಎಲ್ಲರೂ ಮಾಡುವುದಿಲ್ಲ, ಹತ್ತರಲ್ಲಿ ಇಬ್ಬರು ಮಾಡಿಯಾರು. ಆ ಎರಡು ಫೋನ್ ಸಾಕು. ಅಲ್ಲಿಯವರೆಗೆ ನಿಮ್ಮ ಆಸ್ಪತ್ರೆಯ ಹೊರರೋಗಿ ರಿಜಿಸ್ಟರ್ ತೆಗೆದು ಹೋದ ತಿಂಗಳ ಪುಟಗಳನ್ನು ಬೆರಳಿಟ್ಟು ಎಣಿಸಿ. ನಿಮ್ಮದೇ ಕೈಬರಹ ಅದು. ಎಷ್ಟು ಹೆಸರು, ಎಷ್ಟು ಊರು, ಅದರಲ್ಲಿ ಎಷ್ಟು ಹಸು ಈ ಹೊತ್ತು ಮೆಲುಕು ಹಾಕುತ್ತಾ ನಿಂತಿದೆ ನೋಡಿ.

ಹಿರಿಯ ಸಹೋದ್ಯೋಗಿಯ ಮಾತಿಗೆ ಬೇಜಾರಾಗುವುದು ಸಹಜ. ನನಗೆ ಮಾತ್ರ ಅವರ ಮಾತಿನ ಹಿಂದೆ ಬೇರೆ ಏನೋ ಕೇಳಿಸಿತು. ಅಷ್ಟು ವರ್ಷದಲ್ಲಿ ಅವರ ಕೆಲಸಕ್ಕೆ ಯಾರೂ ಸ್ವೀಟ್ ತಂದಿರಲಿಕ್ಕಿಲ್ಲ. ಅವರ ಜೊತೆ ವಾದ ಬೇಡ. ಬಿಡುವಾದಾಗ, 'ಸರ್, ನೀವು ಒಬ್ಬರೇ ಹೋಗಿ ಮೊದಲನೇ ಸಲ ಕರು ತೆಗೆದದ್ದು ಯಾವ ಊರಲ್ಲಿ?' ಅಂತ ಕೇಳಿ. ಅವರು ಊರಿನ ಹೆಸರು, ಆ ರಾತ್ರಿಯ ಮಳೆ, ಕರುವಿನ ಹಣೆಯ ಬಿಳಿ ಚುಕ್ಕೆ ಎಲ್ಲ ಹೇಳದಿದ್ದರೆ ನನಗೆ ಬರೆಯಿರಿ.

ಕಚೇರಿಗೆ ಹಾಕಿಸಿಕೊಳ್ಳುವ ಮಾತಿಗೆ ಈಗಲೇ ಹೌದು, ಅಲ್ಲ ಅನ್ನಬೇಡಿ. ಮೂರು ತಿಂಗಳು ಕೊಡಿ. ಆದರೆ ಒಂದು ಸತ್ಯ ಹೇಳದಿದ್ದರೆ ತಪ್ಪಾಗುತ್ತದೆ. ಸಂಜೆಯ ಐದು ನಿಮಿಷ ನಿದ್ದೆಗೆಟ್ಟ ರಾತ್ರಿಗಳಿಗೆ ಬದಲಿ ಅಲ್ಲ. ಪಕ್ಕದ ಆಸ್ಪತ್ರೆಯ ವೈದ್ಯರ ಜೊತೆ ಕೂತು ರಾತ್ರಿಯ ಕರೆಗಳನ್ನು ದಿನ ಬಿಟ್ಟು ದಿನ ಹಂಚಿಕೊಳ್ಳಲು ಆಗುತ್ತಾ ನೋಡಿ, ಸಂಚಾರಿ ಪಶು ಚಿಕಿತ್ಸಾ ವಾಹನ ಕರೆಸುವ 1962 ಫೋನ್ ನಂಬರನ್ನು ಪ್ರತಿ ಡೈರಿಯ ಗೋಡೆಗೆ ಅಂಟಿಸಿ, ವಾರಕ್ಕೆ ಒಂದು ರಾತ್ರಿಯಾದರೂ ಫೋನ್ ದೂರ ಇಟ್ಟು ಮಲಗಿ. ಖಾಲಿ ಹುದ್ದೆ ತುಂಬಿಸಿ ಅಂತ ಮೇಲಿನವರಿಗೆ ಬರೆಯುವುದನ್ನೂ ಬಿಡಬೇಡಿ. ಒಬ್ಬರೇ ಇಬ್ಬರ, ಮೂವರ ಕೆಲಸ ಮಾಡುತ್ತಿದ್ದರೆ ಅದನ್ನು ಯಾವ ಮೈಸೂರು ಪಾಕೂ ಸರಿಮಾಡುವುದಿಲ್ಲ.

ಬೆಳಗ್ಗೆ ಎದ್ದರೆ ಆಸ್ಪತ್ರೆಗೆ ಹೋಗಲು ಮನಸ್ಸೇ ಬರುವುದಿಲ್ಲ ಅಂತ ಬರೆದಿದ್ದೀರಿ. ಆ ಸಾಲನ್ನು ನಾನು ಎರಡು ಸಲ ಓದಿದೆ. ಅಮೆರಿಕದಲ್ಲಿ 1979ರಿಂದ 2015ರವರೆಗೆ ತೀರಿಕೊಂಡ ಪಶು ವೈದ್ಯರ ದಾಖಲೆ ನೋಡಿದಾಗ, ಆತ್ಮಹತ್ಯೆಯ ಸಾಧ್ಯತೆ ಸಾಮಾನ್ಯ ಜನರಿಗಿಂತ ಮಹಿಳೆಯರಲ್ಲಿ 3.5 ಪಟ್ಟು, ಪುರುಷರಲ್ಲಿ 2.1 ಪಟ್ಟು ಜಾಸ್ತಿ ಇತ್ತು. ನಿಮ್ಮನ್ನು ಹೆದರಿಸಲು ಹೇಳುತ್ತಿಲ್ಲ. ಈ ಕೆಲಸದ ಭಾರ ನಿಮ್ಮೊಬ್ಬರ ಬಲಹೀನತೆ ಅಲ್ಲ ಅಂತ ಗೊತ್ತಾಗಲಿ ಅಂತ ಹೇಳುತ್ತಿದ್ದೇನೆ. ಹಾಗಾಗಿ ನೇರವಾಗಿ ಕೇಳುತ್ತೇನೆ, ಬದುಕೇ ಸಾಕು ಅನ್ನುವ ಯೋಚನೆ ಬರುತ್ತಿದೆಯಾ? ಬರುತ್ತಿದ್ದರೆ, ಅಥವಾ ಎರಡು ವಾರದಿಂದ ನಿದ್ದೆ, ಊಟ ಯಾವುದೂ ಸೇರುತ್ತಿಲ್ಲ ಅಂತಾದರೆ, ಇವತ್ತೇ 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅಂತ ಅದರ ಹೆಸರು. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಮನೆಯವರಲ್ಲಿ ಒಬ್ಬರಿಗಾದರೂ ವಿಷಯ ತಿಳಿಸಿ.

ಅಂಥದ್ದಿಲ್ಲ ಅಂತಾದರೆ ನಾಳೆ ಸಂಜೆಯಿಂದಲೇ ಶುರು ಮಾಡಿ. ಮೊದಲ ಸರದಿ ನಿಮ್ಮ ಅಟೆಂಡರ್‌ದು ಇರಲಿ. ಆ ರಾತ್ರಿ ಕೊಟ್ಟಿಗೆಯಲ್ಲಿ ಅವರೂ ನಿಮ್ಮ ಜೊತೆ ಇದ್ದರಾ? ಬೆಳಗಾಗುವವರೆಗೆ ಟಾರ್ಚ್ ಹಿಡಿದು ನಿಂತಿದ್ದರಾ? ಹಾಗಿದ್ದರೆ ಬೋರ್ಡಿನಲ್ಲಿ ಮೊದಲು ಅದನ್ನು ಬರೆಯಿರಿ.