ವೃದ್ಧಾಶ್ರಮದ ಫ್ರಿಜ್ಜಲ್ಲಿ ಉಳಿದ ಸಾಂಬಾರ್

ಮಧ್ಯಾಹ್ನ ಉಳಿದ ಸಾಂಬಾರನ್ನು ವೃದ್ಧಾಶ್ರಮದ ಫ್ರಿಜ್ಜಲ್ಲಿ ಎಷ್ಟು ದಿನ ಇಡಬಹುದು, ಚೀಟಿಯಲ್ಲಿ ಏನು ಬರೆಯಬೇಕು ಅಂತ ಕೇಳಿದ್ದೀರಿ. ತಿನ್ನೋರು ವಯಸ್ಸಾದವರು ಅಲ್ವಾ, ಮರುದಿನಕ್ಕಿಂತ ಜಾಸ್ತಿ ಬೇಡ. ದೊಡ್ಡ ಪಾತ್ರೆಯನ್ನು ಹಾಗೇ ಒಳಗೆ ತಳ್ಳಬೇಡಿ. ಮೇಲೆ ತಣ್ಣಗಿದ್ದರೂ ನಡುವೆ ಗಂಟೆಗಟ್ಟಲೆ ಬೆಚ್ಚಗಿರುತ್ತದೆ, ಬ್ಯಾಕ್ಟೀರಿಯಾ ಬೆಳೆಯೋದೇ ಅಲ್ಲಿ. ಅಗಲ ಪಾತ್ರೆಗಳಿಗೆ ತೆಳ್ಳಗೆ ಸುರಿದು, ತಣ್ಣೀರಿನ ಬೇಸನ್ನಲ್ಲಿಟ್ಟು ಆರಿಸಿ, ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಇಡಿ. ಒಳಗೆ 5 ಡಿಗ್ರಿ ಅಥವಾ ಅದಕ್ಕಿಂತ ಕಡಿಮೆ ಇರಬೇಕು.

ಚೀಟಿಯಲ್ಲಿ ಅಡುಗೆಯ ಹೆಸರು, ಮಾಡಿದ ತಾರೀಕು, ಗಂಟೆ, ಯಾವಾಗ ಚೆಲ್ಲಬೇಕು ಅನ್ನೋದು ಇರಲಿ. ಸುಮ್ನೆ 'ಸೋಮವಾರ' ಅಂತ ಬರೆದರೆ ಯಾವ ಸೋಮವಾರ? ಉಪ್ಪು ಕಡಿಮೆ ಹಾಕಿದ್ದರೆ, ಕಡಲೆಬೀಜ ಇದ್ದರೆ ಅದನ್ನೂ ಬರೆಯಿರಿ. ಅಂಟಿಸೋದು ಡಬ್ಬಕ್ಕೆ, ಮುಚ್ಚಳಕ್ಕಲ್ಲ. ಮುಚ್ಚಳಗಳು ಅದಲುಬದಲಾಗುತ್ತವೆ. ಬಡಿಸುವ ಮುಂಚೆ ಚೆನ್ನಾಗಿ ಕುದಿಸಿ, ಒಂದೇ ಸಲ. ಆಮೇಲೂ ಉಳಿದರೆ ಚೆಲ್ಲಿಬಿಡಿ.