ಓದುಗರ ಪ್ರಶ್ನೆ: ರಸ್ತೆಯ ಹೊಗೆಯೋ, ಕಸದ ಹೊಗೆಯೋ?

ಪ್ರಶ್ನೆ: ನಮ್ಮ ಮನೆಯ ಒಂದು ಬದಿಗೆ ಹೆದ್ದಾರಿ, ಇನ್ನೊಂದು ಬದಿಗೆ ಆಗಾಗ ಬೆಂಕಿ ಹೊತ್ತಿಕೊಳ್ಳುವ ಕಸದ ರಾಶಿ ಇವೆ. ನನ್ನಲ್ಲಿರುವ ಚಿಕ್ಕ ಮಾಪಕವು ತೋರಿಸುವ ಪಿಎಂ 2.5 ಅಂಕಿಯಿಂದ ಯಾವುದರ ಪಾಲು ಎಷ್ಟೆಂದು ತಿಳಿಯಬಹುದೇ?

ಉತ್ತರ: ಆ ಅಂಕಿಯೊಂದರಿಂದಲೇ ತಿಳಿಯಲಾಗದು. 2.5 ಮೈಕ್ರೊಮೀಟರ್ ಹಾಗೂ ಅದಕ್ಕಿಂತ ಕಡಿಮೆ ವ್ಯಾಸದ ಕಣಗಳು ಒಂದು ಘನ ಮೀಟರ್ ಗಾಳಿಯಲ್ಲಿ ಎಷ್ಟು ಮೈಕ್ರೊಗ್ರಾಂ ಇವೆ ಎಂಬುದನ್ನಷ್ಟೇ ಅದು ಹೇಳುತ್ತದೆ, ಅವು ಬಂದ ದಾರಿಯನ್ನಲ್ಲ. ಅಲ್ಲದೆ ಇಂಥ ಮಾಪಕಗಳು ಸಾಮಾನ್ಯವಾಗಿ ಕಣಗಳನ್ನು ತೂಗುವುದೇ ಇಲ್ಲ. ಅವುಗಳ ಮೇಲೆ ಲೇಸರ್ ಬೆಳಕನ್ನು ಹಾಯಿಸಿ, ಚದುರಿದ ಬೆಳಕಿನಿಂದ ತೂಕವನ್ನು ಅಂದಾಜು ಮಾಡುತ್ತವೆ. ಡೀಸೆಲ್ ಎಂಜಿನ್ ಉಗುಳುವ ಕಣಗಳಲ್ಲಿ, ಎಣಿಕೆಯ ಲೆಕ್ಕದಲ್ಲಿ, ಬಹುಪಾಲು 0.1 ಮೈಕ್ರೊಮೀಟರ್‌ಗಿಂತಲೂ ಚಿಕ್ಕವಾಗಿದ್ದು ಬೆಳಕನ್ನು ತೀರ ಕಡಿಮೆ ಚದುರಿಸುವುದರಿಂದ, ಅವು ನಿಮ್ಮ ಮಾಪಕದ ಕಣ್ಣಿಗೆ ಬೀಳುವುದಿಲ್ಲ. ಕಸದ ಹೊಗೆಯ ದಪ್ಪ ಕಣಗಳಾದರೋ ಚೆನ್ನಾಗಿಯೇ ಬೀಳುತ್ತವೆ. ಹೀಗಾಗಿ ತಕ್ಕಡಿ ಮೊದಲಿಗೇ ರಸ್ತೆಯ ಪರವಾಗಿ ವಾಲಿರುತ್ತದೆ, ಅಂದರೆ ಅದರ ಪಾಲು ಇರುವುದಕ್ಕಿಂತ ಕಡಿಮೆಯಾಗಿ ಕಾಣುತ್ತದೆ. ಮಂಜಿನ ಬೆಳಗಿನಲ್ಲಿ ಕಣಗಳು ತೇವ ಹೀರಿ ಊದಿಕೊಂಡು ಅಂಕಿಯನ್ನು ಸುಮ್ಮನೆ ಏರಿಸುವುದೂ ಉಂಟು.

ಮೂಲವನ್ನು ಹುಡುಕಬೇಕಾದರೆ ಕಣಗಳ ಜೊತೆಗಾರರನ್ನು ಅಳೆಯಬೇಕು. ಎಂಜಿನ್ನಿನ ಬಿಸಿಯಲ್ಲಿ ಹುಟ್ಟುವ ನೈಟ್ರೋಜನ್ ಆಕ್ಸೈಡ್‌ಗಳು ರಸ್ತೆಯ ಗುರುತು. ಜ್ವಾಲೆಯಿಲ್ಲದೆ ಕಮರುವ ಕಸದಲ್ಲಿ ಅವು ಕಡಿಮೆ, ಕಾರ್ಬನ್ ಮೊನಾಕ್ಸೈಡ್ ಹೆಚ್ಚು. ವಿದ್ಯುತ್ತೇ ಬೇಡದ, ಒಂದು ತುದಿ ಮುಚ್ಚಿದ, ಗಾಳಿಯಲ್ಲಿನ ಅನಿಲವನ್ನು ತಾವಾಗಿಯೇ ಹೀರಿಕೊಳ್ಳುವ ಡಿಫ್ಯೂಷನ್ ನಳಿಕೆಗಳನ್ನು ರಸ್ತೆಯಿಂದ ಬೇರೆ ಬೇರೆ ದೂರಗಳಲ್ಲಿ ಎರಡರಿಂದ ನಾಲ್ಕು ವಾರ ತೂಗುಹಾಕಿ ಪ್ರಯೋಗಾಲಯಕ್ಕೆ ಕಳಿಸಿದರೆ, ಆ ಆಕ್ಸೈಡ್‌ಗಳಲ್ಲೊಂದಾದ ನೈಟ್ರೋಜನ್ ಡೈಆಕ್ಸೈಡ್ ರಸ್ತೆಯಿಂದ ದೂರ ಸರಿದಂತೆ ಎಷ್ಟು ಬೇಗ ಇಳಿಯುತ್ತದೆಂಬುದು ಕಾಣುತ್ತದೆ. ಅವು ಸರಾಸರಿಯನ್ನಷ್ಟೇ ಕೊಡುತ್ತವೆ, ಆದರೂ ಖರ್ಚಿಗೆ ತಕ್ಕ ಉತ್ತರ ಇದೇ ಎಂದು ನನ್ನ ಅಭಿಪ್ರಾಯ. ಇನ್ನೂ ಖಚಿತವಾಗಬೇಕಾದರೆ ಫಿಲ್ಟರ್‌ನಲ್ಲಿ ಹಿಡಿದ ಕಣಗಳ ರಾಸಾಯನಿಕ ಪರೀಕ್ಷೆಯೇ ಆಗಬೇಕು: ಪ್ಲಾಸ್ಟಿಕ್ ಉರಿದಿದ್ದರೆ ಟ್ರೈಫಿನೈಲ್‌ಬೆಂಜೀನ್, ಮರ ಅಥವಾ ಕಾಗದ ಉರಿದಿದ್ದರೆ ಲೆವೊಗ್ಲುಕೋಸಾನ್ ಎಂಬ ರಾಸಾಯನಿಕ ಸಿಗುತ್ತದೆ. ಆಂಟಿಮನಿ ಎಂಬ ಧಾತುವನ್ನು ಮಾತ್ರ ಒಂಟಿಯಾಗಿ ನಂಬಬಾರದು. ಅದು ಬ್ರೇಕಿನ ಸವೆತದಲ್ಲೂ ಇರುತ್ತದೆ, ಪೆಟ್ ಪ್ಲಾಸ್ಟಿಕ್ ಬಾಟಲಿಯ ಹೊಗೆಯಲ್ಲೂ ಇರುತ್ತದೆ.

ಇದಾವುದೂ ಸಾಧ್ಯವಿಲ್ಲವೆಂದರೆ ಒಂದೇ ಮಾದರಿಯ ಎರಡು ಮಾಪಕಗಳನ್ನು ಮೊದಲು ಒಂದು ವಾರ ಅಕ್ಕಪಕ್ಕದಲ್ಲಿಟ್ಟು, ಅವುಗಳ ನಡುವಿನ ವ್ಯತ್ಯಾಸವನ್ನು ಗುರುತಿಸಿಕೊಂಡು, ಬಳಿಕ ಮನೆಯ ಎರಡು ಬದಿಗೂ ಒಂದೊಂದನ್ನು ಇರಿಸಿ, ಗಂಟೆಗೊಮ್ಮೆ ಅಂಕಿಯನ್ನೂ ಗಾಳಿಯ ದಿಕ್ಕನ್ನೂ ಬರೆದಿಡಿ. ಬೆಳಗ್ಗೆ, ಸಂಜೆ ವಾಹನದಟ್ಟಣೆಯ ಹೊತ್ತಿಗೆ ಏರಿ ರಜಾದಿನದಲ್ಲಿ ಇಳಿದರೆ ರಸ್ತೆಯನ್ನೂ, ರಾಶಿಯ ಕಡೆಯಿಂದ ಗಾಳಿ ಬೀಸಿದಾಗ ಮಾತ್ರ ಏರಿದರೆ ರಾಶಿಯನ್ನೂ ಶಂಕಿಸಬಹುದು. ರಾತ್ರಿಯ ಏರಿಕೆ ಎರಡರದೂ ಆಗಿರಬಹುದು. ಆಗ ನೆಲದ ಬಳಿಯ ತಂಪು ಗಾಳಿಯ ಮೇಲೆ ಬೆಚ್ಚನೆಯ ಪದರವು ಮುಚ್ಚಳದಂತೆ ಕುಳಿತಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಪಿಎಂ 2.5ಕ್ಕೆ ಸೂಚಿಸಿದ, ಘನ ಮೀಟರಿಗೆ 15 ಮೈಕ್ರೊಗ್ರಾಂ ಎಂಬ ಮಿತಿಯು 24 ಗಂಟೆಗಳ ಸರಾಸರಿಯಾದ್ದರಿಂದ ಕ್ಷಣದ ಅಂಕಿಯನ್ನು ಅದರೊಂದಿಗೆ ಹೋಲಿಸಬೇಡಿ.

ಪ್ರಶ್ನೆ: ರಾಶಿಯಿಂದ ದುರ್ವಾಸನೆ ಬಂದರೂ ಮಾಪಕದ ಅಂಕಿ ಏರುವುದಿಲ್ಲ. ಅದು ಕೆಟ್ಟಿದೆಯೇ?

ಉತ್ತರ: ಕೆಟ್ಟಿರಬೇಕೆಂದೇನಿಲ್ಲ. ಉರಿಯದೆ ಕೊಳೆಯುವ ಕಸದಿಂದ ಹೊರಡುವುದು ಅನಿಲ. ಅದರಲ್ಲಿ ಸುಮಾರು ಅರ್ಧ ಮೀಥೇನ್, ಉಳಿದುದರಲ್ಲಿ ಬಹುಪಾಲು ಕಾರ್ಬನ್ ಡೈಆಕ್ಸೈಡ್, ಎರಡಕ್ಕೂ ವಾಸನೆಯಿಲ್ಲ. ನಾರುವ ಹೈಡ್ರೋಜನ್ ಸಲ್ಫೈಡ್ ಗಾಳಿಯ ನೂರು ಕೋಟಿ ಭಾಗಗಳಲ್ಲಿ ಕೆಲವೇ ಭಾಗವಿದ್ದರೂ ಮೂಗಿಗೆ ತಿಳಿಯುತ್ತದೆ, ಕಣ ಎಣಿಸುವ ಯಂತ್ರಕ್ಕೆ ತಿಳಿಯುವುದಿಲ್ಲ.